ಬೆಟ್ಟದ ಮೇಲಿನ ಚಾಪೆಲ್, ಸಂಜೆಯ ಲೆಕ್ಕ

ಮಂಗಳೂರಿಗೆ ಹೋದವರು ಕದ್ರಿ, ಕುದ್ರೋಳಿ, ಮಂಗಳಾದೇವಿ ದೇವಸ್ಥಾನಗಳನ್ನು ನೋಡಿ, ಪಣಂಬೂರಿನ ಕಡಲಲ್ಲಿ ಕಾಲು ನೆನೆಸಿಕೊಂಡು, ಐಸ್‌ಕ್ರೀಂ ತಿಂದು ಊರಿಗೆ ಮರಳುತ್ತಾರೆ. ಆ ಪಟ್ಟಿಗೆ ಲೈಟ್‌ಹೌಸ್ ಹಿಲ್ ಮೇಲಿರುವ ಸಂತ ಅಲೋಶಿಯಸ್ ಚಾಪೆಲ್ ಕೂಡ ಸೇರಬೇಕೆಂದು ನನ್ನ ಆಸೆ. ಕಳೆದ ದಸರಾ ರಜೆಯಲ್ಲಿ ಹತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ.

ಒಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಚಿತ್ರ. ಗೋಡೆ, ಕಮಾನು, ಚಾವಣಿ ಯಾವುದನ್ನೂ ಕಲಾವಿದ ಖಾಲಿ ಬಿಟ್ಟಿಲ್ಲ. ಇವನ್ನೆಲ್ಲ ಬರೆದವರು ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಅಂತೋನಿಯೊ ಮೋಸ್ಕೆನಿ. 1899ರಿಂದ 1901ರವರೆಗೆ ನಡೆದ ಕೆಲಸ. ಗೋಡೆಯವು ಗಾರೆಯ ಮೇಲಿನ ಫ್ರೆಸ್ಕೊಗಳು, ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು.

ಚಾವಣಿಯಲ್ಲಿರುವುದು ಅಲೋಶಿಯಸ್ ಗೊನ್ಝಾಗಾ ಎಂಬ ತರುಣನ ಕಥೆ. 1568ರಲ್ಲಿ ಇಟಲಿಯ ಸಿರಿವಂತ ಆಳರಸರ ಮನೆಯಲ್ಲಿ ಹಿರಿಯ ಮಗನಾಗಿ ಹುಟ್ಟಿದವನು, ಆಸ್ತಿ ಅಧಿಕಾರವನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ. 1591ರಲ್ಲಿ ರೋಮಿಗೆ ಸಾಂಕ್ರಾಮಿಕ ರೋಗ ಬಂದಾಗ ರೋಗಿಗಳ ಸೇವೆಗೆ ನಿಂತ. ರೋಗ ಅವನಿಗೂ ಅಂಟಿತು. ತೀರಿಕೊಂಡಾಗ ಅವನಿಗೆ 23 ವರ್ಷ.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗ ಕೇಳಿದ: “ಅಷ್ಟು ಒಳ್ಳೆಯವನು ಯಾಕೆ ಸತ್ತ ಅಜ್ಜ? ನಾವೂ ಅಜ್ಜಿಗೋಸ್ಕರ ದಿನಾ ದೀಪ ಹಚ್ತಿದ್ವಲ್ಲ?”

ಅವನ ಅಜ್ಜಿ ಹೋಗಿ ಆಗ ಎಂಟು ತಿಂಗಳು. ನನಗೆ ಮಾತು ಹೊರಡಲಿಲ್ಲ. ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ವಯಸ್ಸಾದ ಫಾದರ್ ಒಬ್ಬರು ಅವನನ್ನು ಹತ್ತಿರ ಕರೆದರು.

“ಯಾಕೆ ಅಂತ ನನಗೂ ಗೊತ್ತಿಲ್ಲ ಮಗಾ. ಪ್ರಾರ್ಥನೆ ಮಾಡಿದರೆ ಸಾವು ಬರುವುದಿಲ್ಲ ಅಂತ ದೇವರು ಯಾರಿಗೂ ಮಾತು ಕೊಟ್ಟಿಲ್ಲ. ಅಲೋಶಿಯಸನಿಗೂ ಅದು ಗೊತ್ತಿತ್ತು. ಆದರೂ ರೋಗಿಯ ಹತ್ತಿರ ಹೋದ. ನಿನ್ನ ಅಜ್ಜಿಯ ಹತ್ತಿರ ಯಾರಿದ್ದರು?”

“ಅಜ್ಜ, ಅಮ್ಮ. ನಾನು ನೀರು ಕುಡಿಸ್ತಿದ್ದೆ.”

“ಅದೂ ಪ್ರಾರ್ಥನೆಯೇ. ದೀಪ ಹಚ್ಚಿದವರು ನೀರನ್ನೂ ಕುಡಿಸಿದಿರಲ್ಲ, ಅಷ್ಟು ಸಾಕು.”

ಮೊಮ್ಮಗ ಮತ್ತೆ ಚಾವಣಿ ನೋಡತೊಡಗಿದ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆನೆಂದು ತಿಳಿದು ಫಾದರ್ ನಕ್ಕರು. “ಹಾಗಾದರೆ ನಮ್ಮ ಇಗ್ನೇಷಿಯಸರು ನಿಮಗೆ ಬೇಗ ಅರ್ಥವಾಗುತ್ತಾರೆ” ಎಂದರು. ಯೇಸುಸಭೆಯ ಸ್ಥಾಪಕರಾದ ಇಗ್ನೇಷಿಯಸ್ ಲೊಯೋಲಾ ಮೊದಲು ಯೋಧ. 1521ರಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದಾಗ ಅವರ ಮನಸ್ಸು ತಿರುಗಿತು. 1548ರಲ್ಲಿ ಅಚ್ಚಾದ ಅವರ ಸಾಧನೆಯ ಪುಸ್ತಕದಲ್ಲಿ ನಿತ್ಯದ ಆತ್ಮಪರೀಕ್ಷೆಗೊಂದು ಕ್ರಮವಿದೆ. ಮೊದಲು ದಿನದಲ್ಲಿ ಸಿಕ್ಕಿದ್ದಕ್ಕೆಲ್ಲ ಕೃತಜ್ಞತೆ. ಆಮೇಲೆ ಸರಿಯಾಗಿ ಕಾಣುವ ಬೆಳಕನ್ನು ಬೇಡುವುದು, ಬೆಳಗಿನಿಂದ ನಡೆದದ್ದನ್ನು ಗಳಿಗೆ ಗಳಿಗೆಯಾಗಿ ನೆನೆಯುವುದು, ತಪ್ಪಿಗೆ ಕ್ಷಮೆ, ಕೊನೆಗೆ ನಾಳೆಯ ಸಂಕಲ್ಪ.

ಇನ್ನೊಂದು ಸೊಗಸು ಕೇಳಿ. ಬಿಡಬೇಕೆಂದುಕೊಂಡ ಒಂದು ದೋಷವನ್ನು ಆರಿಸಿಕೊಂಡು, ದಿನಕ್ಕೆ ಎರಡರಂತೆ ವಾರವಿಡೀ ಗೆರೆ ಎಳೆದು, ಎಡವಿದಷ್ಟು ಸಲ ಚುಕ್ಕಿ ಇಡಬೇಕು. ಆಮೇಲೆ ಇಂದಿನದನ್ನು ನಿನ್ನೆಯ ಜೊತೆ, ಈ ವಾರದ್ದನ್ನು ಹಿಂದಿನ ವಾರದ ಜೊತೆ ಹೋಲಿಸಬೇಕು. ಇದು ನಮ್ಮ ಲೆಡ್ಜರೇ ಅಲ್ಲವೆ! ಸಂಜೆ ಕ್ಯಾಷ್ ಟ್ಯಾಲಿ ಆಗದೆ ನಾವು ಮನೆಗೆ ಹೊರಡುವಂತಿರಲಿಲ್ಲ.

“ಆದರೆ ಎಲ್ಲರೂ ತಪ್ಪಿನ ಚುಕ್ಕಿಯನ್ನಷ್ಟೇ ಎಣಿಸುತ್ತಾರೆ,” ಎಂದರು ಫಾದರ್. “ಮೊದಲ ಕಲಂ ಕೃತಜ್ಞತೆಯದು. ಜಮಾ ಬರೆಯದೆ ಬರೀ ಖರ್ಚು ಬರೆದರೆ ಲೆಕ್ಕ ಹೇಗೆ ಕೂಡೀತು?”

ಎಂಟು ತಿಂಗಳಿಂದ ನಾನು ಬರೆಯುತ್ತಿದ್ದುದು ಖರ್ಚಿನ ಕಲಂ ಒಂದನ್ನೇ. ನಲವತ್ತಾರು ವರ್ಷದ ಸಂಸಾರ ಜಮಾ ಕಡೆ ಇತ್ತು. ನನ್ನ ಧರ್ಮ ಬೇರೆ, ಅವರದು ಬೇರೆ. ಆದರೂ ಅಂದಿನಿಂದ ರಾತ್ರಿ ದೇವರ ಮುಂದೆ ಕುಳಿತಾಗ ಮೊದಲು ಜಮಾ ನೆನೆಯುತ್ತೇನೆ.

ಚಾಪೆಲ್ ಕಾಲೇಜಿನ ಆವರಣದಲ್ಲಿದೆ; ಹಂಪನಕಟ್ಟೆಯಿಂದ ನಡೆದೇ ಹೋಗಬಹುದು. ಬಲಿಪೂಜೆಯ ಹೊತ್ತು ಬಿಟ್ಟು ಹೋಗಿ, ಒಳಗೆ ಮಾತು ಮೆಲ್ಲಗಿರಲಿ. ಚಿತ್ರ ನೋಡಿಯಾದ ಮೇಲೆ ಹತ್ತು ನಿಮಿಷ ಬೆಂಚಿನಲ್ಲಿ ಕುಳಿತುಕೊಳ್ಳಿ. ಮಕ್ಕಳು ಏನಾದರೂ ಕೇಳಿದರೆ ಗದರಿಸಬೇಡಿ, ಕೇಳಲಿ.