ಖಂಡೇನವಮಿಗೆ ಗಾಡಿ ತೊಳೆಯುವವರಿಗೆ

ಖಂಡೇನವಮಿ ಬಂತೆಂದರೆ ನಮ್ಮ ಮುದನಾಳದ ಕಡೆ ಟ್ರ್ಯಾಕ್ಟರ್, ಟಂಟಂ, ಕಾರು ಎಲ್ಲಕ್ಕೂ ಜಳಕ. ಗಾಡಿ ತೊಳೆಯಲೆಂದು ಅಡುಗೆಮನೆಯ ಸಾಮಾನೂ ಅಂಗಳಕ್ಕೆ ಬರುತ್ತದೆ.

ಲಿಂಬೆಹಣ್ಣಿನ ಬಗ್ಗೆ ನನಗೆ ಪೂರಾ ನಂಬಿಕೆ. ಬೋರಿನ ಸವಳು ನೀರು ಬಿಸಿಲಿಗೆ ಆರಿದಾಗ ಗಾಜಿನ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವಲ್ಲ, ಅದು ಸುಣ್ಣದಂಶ. ಬರೀ ನೀರಲ್ಲಿ ಎಷ್ಟು ತಿಕ್ಕಿದರೂ ಹೋಗದು, ಹುಳಿ ತಾಗಿದರೆ ಕರಗುತ್ತದೆ. ಲಿಂಬೆರಸಕ್ಕೆ ನೀರು ಬೆರೆಸಿ, ನೆರಳಲ್ಲಿ ನಿಲ್ಲಿಸಿದ ಗಾಡಿಯ ಗಾಜಿಗಷ್ಟೇ ಒರೆಸಿ, ಕೂಡಲೇ ತೊಳೆಯಿರಿ. ಬಣ್ಣದ ಮೇಲೆ ಹುಳಿ ಆರಲು ಬಿಡಬೇಡಿ.

ಹಳದಿಗಟ್ಟಿದ ಹೆಡ್‌ಲೈಟಿಗೆ ಹಲ್ಲಿನ ಪೇಸ್ಟು ತಿಕ್ಕಿದರೆ ಹೊಳಪು ಬರುವುದೂ ನಿಜ. ಪೇಸ್ಟಿನೊಳಗಿನ ಸಣ್ಣ ಪುಡಿ ಕೆಟ್ಟ ಮೇಲ್ಪದರವನ್ನು ಸವೆಸುತ್ತದೆ. ಆದರೆ ಹೆಡ್‌ಲೈಟಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಬಿಸಿಲಿನಿಂದ ಕಾಯುವ ಲೇಪನವನ್ನು ಪೇಸ್ಟು ಮರಳಿ ಕೊಡಲಾರದು. ನಮ್ಮ ಬಿಸಿಲಿಗೆ ಹಳದಿ ಮತ್ತೆ ಬಂದೇ ಬರುತ್ತದೆ.

ನನಗೆ ಸಂಕಟವಾಗುವುದು ಧೂಳು ತುಂಬಿದ ಗಾಡಿಗೆ ಒಣ ಅರಬಿ ಹಚ್ಚುವುದನ್ನು ಕಂಡಾಗ. ಹೊಲದ ದಾರಿಯ ಧೂಳಿನಲ್ಲಿ ಗಟ್ಟಿ ಮರಳಿನ ಕಣಗಳಿರುತ್ತವೆ, ಒರೆಸಿದಷ್ಟೂ ಗೀರು. "ತಮ್ಮಾ, ಮೊದ್ಲು ನೀರ್ ಹಾಕೊ, ಆಮ್ಯಾಗ ಅರಬಿ ಮುಟ್ಸು" ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ. ಪಾತ್ರೆ ತಿಕ್ಕುವ ಬೂದಿಯನ್ನಂತೂ ಬಣ್ಣದ ಹತ್ತಿರ ತರಲೇಬೇಡಿ.

ಟೈರು ಕಪ್ಪಗೆ ಮಿಂಚಲೆಂದು ಸುಟ್ಟ ಆಯಿಲ್ ಬಳಿಯುವವರೂ ಇದ್ದಾರೆ. ಎಣ್ಣೆ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ, ಬ್ರೇಕಿಗೆ ತಾಗಿದರೆ ಜೀವಕ್ಕೇ ಅಪಾಯ. ಟೈರಿಗೆ ಸೋಪಿನ ನೀರು, ಒಂದು ಬ್ರಷ್ಷು ಸಾಕು.