ರಸ್ತೆಯ ಆಚೆ ಬದಿ

26 ನವೆಂಬರ್ 2024, ಮಂಗಳವಾರ

ನಿನ್ನೆ ಕೇಂದ್ರ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಬೆಳಿಗ್ಗೆ ಗ್ರಂಥಾಲಯದಲ್ಲಿ ಪೇಪರುಗಳನ್ನು ಸ್ಟ್ಯಾಂಡಿಗೆ ಹಾಕುತ್ತಾ ನಿಂತಲ್ಲೇ ಸುದ್ದಿ ಓದಿದೆ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳಿಗೆ ಒಟ್ಟಾಗಿ ಚಂದಾ. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸುಮಾರು 6,300 ಸರ್ಕಾರಿ ಸಂಸ್ಥೆಗಳಿಗೆ ಲಾಭ. ಹಾಗಾದರೆ ಮಲೆನಾಡಿನ ಮೂಲೆಯ ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೂ! ಪಠ್ಯಪುಸ್ತಕ ಕೊಂಡು ಮಿಕ್ಕ ಹಣದಲ್ಲಿ ನಾಲ್ಕು ಮಾಸಪತ್ರಿಕೆ ತರಿಸುವ ನನಗೆ ಹಬ್ಬದಂಥ ದಿನ.

ಆದರೂ ರಾತ್ರಿ ಊಟಕ್ಕೆ ಕೂತಾಗ ಮನಸ್ಸು ಅಲ್ಲೇ ಸುತ್ತಿತು. ಜನರ ತೆರಿಗೆಯಲ್ಲಿ ಸಂಶೋಧನೆ ನಡೆಯುತ್ತದೆ. ಮೇಷ್ಟ್ರುಗಳು ಸಂಭಾವನೆಯಿಲ್ಲದೆ ಬರೆದುಕೊಡುತ್ತಾರೆ, ಇನ್ನಷ್ಟು ಮೇಷ್ಟ್ರುಗಳು ಸಂಭಾವನೆಯಿಲ್ಲದೆ ಪರಿಶೀಲಿಸುತ್ತಾರೆ. ಕೊನೆಗೆ ಅದನ್ನು ಓದಲಿಕ್ಕೂ ತೆರಿಗೆಯ ಹಣವೇ ಹೋಗಬೇಕು.

22 ಜನವರಿ 2025, ಬುಧವಾರ

ಇವತ್ತು ‘ಒಂದು ರಾಷ್ಟ್ರ, ಒಂದು ಚಂದಾ’ಕ್ಕೆ ನಮ್ಮ ಕಾಲೇಜಿನ ಲಾಗಿನ್ ಆಯಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲದ ಕೇಂದ್ರ ಈ ಯೋಜನೆಯ ಉಸ್ತುವಾರಿ ನೋಡುತ್ತದೆ. ಮೊದಲು ಬಂದವನು ಅಂತಿಮ ಬಿಎಸ್ಸಿಯ ಹುಡುಗ. ಅವರ ಒಂದೂವರೆ ಎಕರೆ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ. ಪ್ರಾಜೆಕ್ಟಿಗೂ ಅದನ್ನೇ ಆರಿಸಿಕೊಂಡಿದ್ದಾನೆ. ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರದ ಮೇಲಿನ ಲೇಖನವೊಂದು ತೆರೆದುಕೊಂಡಿತು. ಹಳದಿ ಅಂಚಿನ ಕಂದು ಚುಕ್ಕಿಗಳ ಫೋಟೋ ಬಂದದ್ದೇ, “ಮೇಡಂ, ನಮ್ಮನೆ ತೋಟದ್ದೂ ಹಿಂಗೇ ಇದೆ” ಎಂದು ಬೆರಳಿಟ್ಟು ತೋರಿಸಿದ.

ಫೋಟೋ ದಾಟಿ ಇಂಗ್ಲಿಷ್ ಬರಹಕ್ಕೆ ಬಂದಾಗ ಅವನ ದನಿ ಇಳಿಯಿತು. ಪಿಯುಸಿವರೆಗೆ ಕನ್ನಡದಲ್ಲೇ ಓದಿದವನು. ನಿಘಂಟು ತೆಗೆದು ಇಬ್ಬರೂ ಕೂತೆವು. ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹೀಗೆ ಪಕ್ಕದಲ್ಲಿ ಕೂರುವವರ ಸಂಬಳವೂ ಇಂಥ ಯೋಜನೆಯ ಲೆಕ್ಕದಲ್ಲಿ ಬರಬೇಕು ಅನ್ನಿಸಿತು.

13 ಫೆಬ್ರವರಿ 2025, ಗುರುವಾರ

ಸಂಜೆ ಬಸ್ಸಿನಲ್ಲಿ ರಸ್ತೆಯ ಆಚೆ ಬದಿಯ ಖಾಸಗಿ ಕಾಲೇಜಿನ ಗ್ರಂಥಪಾಲಕಿ ಪಕ್ಕದಲ್ಲಿ ಕೂತಿದ್ದರು. “ನಿಮಗೆ ಬಂತಲ್ಲ, ನಮ್ಮ ಮಕ್ಕಳಿಗೆ ಯಾವಾಗ ಅಕ್ಕ?” ಎಂದರು. ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಎಂದು ಹೇಳುವಾಗ ನಾಲಿಗೆ ತಡವರಿಸಿತು. ಅದೇ ಬಸ್ಸಿನ ಹಿಂದಿನ ಸೀಟುಗಳಲ್ಲಿ ಎರಡೂ ಕಾಲೇಜಿನ ಮಕ್ಕಳು ಒಟ್ಟಿಗೆ ಕೂತಿದ್ದರು. ಎಷ್ಟೋ ಜನ ಒಂದೇ ಊರಿನವರು, ಅದೇ ರೋಗ ಹತ್ತಿದ ತೋಟಗಳಿಂದ ಬಂದವರು. ನಮ್ಮಲ್ಲಿ ಸೀಟು ಸಿಗದೆ ಅಲ್ಲಿಗೆ ಸೇರಿದವರೂ ಇದ್ದಾರೆ. ಯೋಜನೆಯ ಹೆಸರಿನಲ್ಲಿ ‘ರಾಷ್ಟ್ರ’ ಎಂದಿದೆಯಲ್ಲ, ಈ ಮಕ್ಕಳೂ ಅದರೊಳಗಿನವರೇ. ಮುಂದಿನ ಹಂತ ಬೇಗ ಬರಲಿ. ಜನರ ಹಣದಲ್ಲಿ ನಡೆದ ಸಂಶೋಧನೆ ಎಲ್ಲರಿಗೂ ಮುಕ್ತವಾಗಿರಬೇಕು ಎಂಬ ನಿಯಮ ಅದಕ್ಕಿಂತ ಬೇಗ ಬರಲಿ.

10 ಮಾರ್ಚ್ 2025, ಸೋಮವಾರ

ಹುಡುಗ ಆ ಲೇಖನದ ತಿರುಳನ್ನು ತನ್ನದೇ ಮಾತಿನಲ್ಲಿ ಎರಡು ಪುಟ ಕನ್ನಡದಲ್ಲಿ ಬರೆದು ತಂದ. ರೋಗ ಹತ್ತಿದ ಎಲೆಯನ್ನು ತೋಟದಲ್ಲಿ ಬಿಡಬಾರದು ಎಂಬ ಸಾಲಿಗೆ ಎರಡು ಗೆರೆ ಎಳೆದಿದ್ದ. ಅಪ್ಪನಿಗೆ ಓದಿ ಹೇಳಿದನಂತೆ. “ಯಾಕೆ ಬಿಡಬಾರದು ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ” ಎಂದರಂತೆ ಅಪ್ಪ. ಭಾನುವಾರ ಇಬ್ಬರೂ ಸೇರಿ ಒಣ ಸೋಗೆಯನ್ನೆಲ್ಲ ಆರಿಸಿ ಸುಟ್ಟರಂತೆ.

ಆ ಹಾಳೆಗಳನ್ನು ನಮ್ಮ ಫಲಕಕ್ಕೆ ಹಚ್ಚಿದೆ. ಇನ್ನೊಂದು ಪ್ರತಿ ತೆಗೆದು ಚೀಲದಲ್ಲಿಟ್ಟುಕೊಂಡು, ಸಂಜೆ ಬಸ್ಸಿನಲ್ಲಿ ಆಚೆ ಬದಿಯ ಗ್ರಂಥಪಾಲಕಿಯ ಕೈಗೆ ಕೊಟ್ಟೆ. ಇಳಿಯುವ ಹೊತ್ತಿಗೆ ಅದು ಹಿಂದಿನ ಸೀಟಿನವರೆಗೂ ಹೋಗಿತ್ತು.