ಉಪ್ಪನ ಕಾಲು ಜಿಗಿದ ದಿನ

ರಾತ್ರಿ 2 ಗಂಟೆಗೆ ಮಂಚ ಕಿರುಗುಟ್ಟಿದರೆ ನಮ್ಮ ಮನೆಯಲ್ಲಿ ಯಾರೂ ಬೆಚ್ಚಿ ಬೀಳುವುದಿಲ್ಲ. ಉಮ್ಮ ಏಳುತ್ತಾರೆ, ಇಲ್ಲವೇ ನಾನು ಏಳುತ್ತೇನೆ. ಉಪ್ಪನ ಎರಡೂ ಕಾಲುಗಳು ಹಲಗೆಯ ಹಾಗೆ ಸೆಟೆದು ಗಡಗಡ ನಡುಗುತ್ತಿರುತ್ತವೆ. ಮೊಣಕಾಲಿನ ಕೆಳಗೆ ಒಂದು ಕೈ, ಹಿಮ್ಮಡಿಗೆ ಇನ್ನೊಂದು ಕೈ ಕೊಟ್ಟು ನಿಧಾನವಾಗಿ ಮಡಚಬೇಕು. ಅವಸರ ಮಾಡಿದರೆ ಇನ್ನೂ ಬಿಗಿಯಾಗುತ್ತದೆ. ಇದು ನಾನು ಎಂಟನೇ ತರಗತಿಯಲ್ಲೇ ಕಲಿತ ಕೆಲಸ.

ಉಪ್ಪ ಅಡಿಕೆ ತೋಟಗಳಿಗೆ ಮದ್ದು ಬಿಡಲು ಹೋಗುತ್ತಿದ್ದರು. ಕೊಳೆರೋಗ ಬಾರದಂತೆ ಮಳೆಗಾಲದಲ್ಲೇ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಮರ ಪಾಚಿ ಹಿಡಿದು ಜಾರುವುದೂ ಅದೇ ಕಾಲದಲ್ಲಿ. ಒಂದು ಜುಲೈಯಲ್ಲಿ ಅವರು ಜಾರಿ ಬಿದ್ದರು. ಬೆನ್ನುಮೂಳೆ ಮುರಿದು ಬೆನ್ನುಹುರಿಗೆ ಏಟಾಯಿತು. ಆಪರೇಷನ್ ಆಯಿತು. ಹೊಕ್ಕುಳಿನಿಂದ ಕೆಳಗೆ ಮುಟ್ಟಿದರೆ ಅವರಿಗೆ ಗೊತ್ತಾಗುವುದಿಲ್ಲ.

ಮೊದಲ ಕೆಲವು ವಾರ ಕಾಲುಗಳು ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿದ್ದವು. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಉಮ್ಮ ಪಾದ ಒರೆಸುತ್ತಿದ್ದಾಗ ಬಲಗಾಲು ತಟ್ಟನೆ ಮೇಲಕ್ಕೆ ಜಿಗಿಯಿತು. "ಕಾಲು ಬಂತು, ಕಾಲು ಬಂತು" ಎಂದು ಉಮ್ಮ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು. ತಮ್ಮ ಓಡಿಹೋಗಿ ಅಜ್ಜಿಯನ್ನು ಕರೆತಂದ. ಮಧ್ಯಾಹ್ನ ಪಾಯಸ ಮಾಡಿದೆವು. "ನಾನು ಎತ್ತಿದ್ದಲ್ಲ, ಅದೇ ಎದ್ದದ್ದು" ಎಂದು ಉಪ್ಪ ಎರಡು ಸಲ ಹೇಳಿದರು. ಆ ದಿನ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ವಾರ ಡಾಕ್ಟರ್ ಬಳಿ ಹೋದಾಗ ಅವರು ನಮ್ಮ ಸಂಭ್ರಮವನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಇದು ಸ್ನಾಯು ಸೆಳೆತ, ಬೆನ್ನುಹುರಿಗೆ ಏಟಾದ ತುಂಬಾ ಜನರಿಗೆ ಹೀಗಾಗುತ್ತದೆ, ಕಾಲು ವಾಪಸ್ ಬಂದ ಹಾಗಲ್ಲ ಎಂದರು. ಬಸ್ಸಿನಲ್ಲಿ ಉಮ್ಮ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಅದು ನನಗೆ ಸರಿಯಾಗಿ ಅರ್ಥವಾದದ್ದು ಎಸ್‌ಎಸ್‌ಎಲ್‌ಸಿಯಲ್ಲಿ, ಪರಾವರ್ತಿತ ಕ್ರಿಯೆಯ ಪಾಠ ಬಂದಾಗ. ಬಿಸಿ ಪಾತ್ರೆ ಮುಟ್ಟಿದರೆ ಮೆದುಳಿಗೆ ತಿಳಿಯುವ ಮೊದಲೇ ಬೆನ್ನುಹುರಿ ಕೈಯನ್ನು ಹಿಂದಕ್ಕೆ ಎಳೆಸುತ್ತದೆ. ಈ ಆತುರವನ್ನು ಹದದಲ್ಲಿಡಲು ಮೆದುಳಿನಿಂದಲೂ ಸಂದೇಶ ಇಳಿದು ಬರುತ್ತಿರುತ್ತದೆ. ಉಪ್ಪನಿಗೆ ಆ ದಾರಿ ಕಡಿದುಹೋಗಿದೆ. ಏಟಾದ ಜಾಗದ ಕೆಳಗಿನ ಹುರಿ ಜೀವಂತವಾಗಿದೆ, ಮುಟ್ಟಿದ್ದಕ್ಕೆಲ್ಲ ಉತ್ತರ ಕೊಡುತ್ತದೆ, "ಸಾಕು" ಎನ್ನುವವರು ಮಾತ್ರ ಇಲ್ಲ. ಮೇಡಂ ಬೋರ್ಡಿನಲ್ಲಿ ಚಿತ್ರ ಬರೆದು "ಉದಾಹರಣೆ ಯಾರು ಹೇಳುತ್ತೀರಿ?" ಎಂದು ಕೇಳಿದಾಗ ನಾನು ಕೈ ಎತ್ತಲಿಲ್ಲ.

ಬ್ಯಾಕ್ಲೋಫೆನ್ ಮಾತ್ರೆ ಇದೆ. ಅದರಿಂದ ಬಿಗಿತ ಇಳಿಯುತ್ತದೆ, ಜೊತೆಗೆ ತೂಕಡಿಕೆಯೂ ಬರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯ ಇರುವುದರಿಂದ ತಮ್ಮ ಪ್ರತಿ ಶುಕ್ರವಾರ ಮಾತ್ರೆ ಎಣಿಸಿಡುತ್ತಾನೆ. ಬೆಳಿಗ್ಗೆ ಅರ್ಧ ಗಂಟೆ ಕಾಲುಗಳನ್ನು ಎಳೆದು ಮಡಚುವ ವ್ಯಾಯಾಮ, ಸಂಜೆ ಸ್ವಲ್ಪ ಹೊತ್ತು ಬೋರಲು ಮಲಗುವುದು. ಸ್ನಾನದ ನೀರು ತಣ್ಣಗಿದ್ದರೆ ಸೆಳೆತ ಶುರು, ಬಿಸಿ ಹೆಚ್ಚಾದರೆ ಸುಟ್ಟದ್ದೂ ಅವರಿಗೆ ತಿಳಿಯದು. ಹಾಗಾಗಿ ಮೊದಲು ನಮ್ಮ ಕೈ ಅದ್ದಿ ನೋಡಬೇಕು. ಮೂತ್ರದ ಸೋಂಕು ಆದರೆ ಸೆಳೆತ ಜಾಸ್ತಿ, ಅದಕ್ಕೆ ನೀರು ಕುಡಿಯುತ್ತಲೇ ಇರಬೇಕು. ರಂಜಾನಿನಲ್ಲಿ ಉಪವಾಸ ಹಿಡಿಯಲಾಗದ ಬೇಸರ ಉಪ್ಪನಿಗೆ ಕಾಲಿನದ್ದಕ್ಕಿಂತ ದೊಡ್ಡದು.

ಕಳೆದ ವರ್ಷ ನನ್ನ ಪರೀಕ್ಷೆಯ ಹೊತ್ತಿಗೆ ಮೂರು ದಿನ ಸೆಳೆತ ವಿಪರೀತವಾಯಿತು. ಬೆಲ್ಟ್ ಹಾಕಿರದ ಒಂದು ಗಳಿಗೆಯಲ್ಲಿ ದೇಹ ಸೆಟೆದು ಗಾಲಿಕುರ್ಚಿಯಿಂದ ಕೆಳಗೆ ಜಾರಿದರು. ಮಾತ್ರೆ ಜಾಸ್ತಿ ಮಾಡಿಸೋಣ ಎಂದು ನಾವು ಹೊರಟರೆ, ಫಿಸಿಯೋಥೆರಪಿಸ್ಟ್ ಫೋನಿನಲ್ಲೇ ಬೇರೆ ಪ್ರಶ್ನೆ ಕೇಳಿದರು. ಮೂತ್ರ ಸರಿ ಹೋಗುತ್ತಿದೆಯೇ? ಮಲಬದ್ಧತೆ ಇದೆಯೇ? ಬೆನ್ನು, ಹಿಮ್ಮಡಿಯಲ್ಲಿ ಹುಣ್ಣು? ಉಗುರು ನೋಡಿದ್ದೀರಾ? ಸಾಕ್ಸ್ ತೆಗೆದರೆ ಎಡಗಾಲಿನ ಹೆಬ್ಬೆರಳಿನ ಉಗುರು ಮಾಂಸದೊಳಗೆ ಬೆಳೆದು ಕೀವಾಗಿತ್ತು. ಉಪ್ಪನಿಗೆ ನೋವೇ ಗೊತ್ತಿಲ್ಲ. ಕೆಳಗಿನ ಹುರಿಗೆ ಗೊತ್ತಾಗಿತ್ತು, ಅದು ಮೂರು ದಿನದಿಂದ ಬಡಿದುಕೊಳ್ಳುತ್ತಿತ್ತು. ಉಗುರು ಕತ್ತರಿಸುವುದು ನನ್ನ ಕೆಲಸ. ಓದಿನ ನೆಪದಲ್ಲಿ ತಿಂಗಳಿಡೀ ಬಿಟ್ಟಿದ್ದೆ. ನಾನು ಅತ್ತದ್ದನ್ನು ನೋಡಿ ಉಪ್ಪ, "ಬಿಡು ಮಗಳೇ, ನನಗೆ ಕಾಲಿಂಗ್ ಬೆಲ್ ಇದೆ, ನೀವು ಬಾಗಿಲು ತೆಗೆಯಲು ತಡ ಮಾಡಿದಿರಿ ಅಷ್ಟೆ" ಎಂದರು. ಉಗುರಿನ ಗಾಯ ಮಾಗಿದ ಮೇಲೆ ಸೆಳೆತವೂ ಮೊದಲಿನಷ್ಟಕ್ಕೆ ಇಳಿಯಿತು.

ಈಗ ಅವರು ಆ ಸೆಳೆತವನ್ನೂ ಕೆಲಸಕ್ಕೆ ಹಚ್ಚಿದ್ದಾರೆ. ಪ್ಯಾಂಟ್ ಹಾಕುವಾಗ ತೊಡೆಗೆ ಎರಡು ತಟ್ಟು ತಟ್ಟುತ್ತಾರೆ, ಕಾಲು ನೆಟ್ಟಗಾದ ಕೂಡಲೇ ಪ್ಯಾಂಟ್ ಎಳೆದುಬಿಡುತ್ತಾರೆ. ದಿನವೂ ಆಗುವುದಿಲ್ಲ, ಆದ ದಿನ ತುಂಬಾ ಜಂಬ.

ಕಳೆದ ತಿಂಗಳು ನೋಟ್ಸ್ ತೆಗೆದುಕೊಳ್ಳಲು ಗೆಳತಿಯೊಬ್ಬಳು ಮನೆಗೆ ಬಂದಿದ್ದಳು. ಉಪ್ಪ ಜಗಲಿಯಲ್ಲಿದ್ದರು. ಗಾಲಿಕುರ್ಚಿಯ ಪಾದದ ಹಲಗೆಯ ಮೇಲೆ ಅವರ ಬಲಗಾಲು ಟಕಟಕ ಕುಣಿಯತೊಡಗಿತು. ಅವಳು ಕಣ್ಣರಳಿಸಿ, "ಅಂಕಲ್, ನಿಮ್ಮ ಕಾಲು ಅಲುಗಾಡ್ತಾ ಇದೆ!" ಎಂದಳು. ನಾನೂ ಉಮ್ಮನೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಹೌದು ಮಗಳೇ," ಎಂದರು ಉಪ್ಪ, "ಅದಕ್ಕೆ ಚಾದ ಹೊತ್ತಾಯಿತು."

ಉಮ್ಮ ನೀರಿಡಲು ಒಳಗೆ ಹೋದರು.